ಟಾಡಾ ಅಂದ್ರ ಎಷ್ಟು ವರ್ಸ?

ತೊಂಬತ್ತರ ದಶಕದ ನಡುವಿನಲ್ಲಿ ನಾವು ನಾಲ್ಕು ಮಂದಿ ಗೆಳೆಯರು ಮೈಸೂರಿನಲ್ಲಿ ಕಾನೂನು ಓದುತ್ತಿದ್ದೆವು. ಮಂಡಿ ಮೊಹಲ್ಲಾದ ಒಂದು ಮಹಡಿ ಕೋಣೆಯಲ್ಲಿ ನಮ್ಮ ವಾಸ. ಬೆಳಗ್ಗೆ ಹೊರಟರೆ ಸೆರೆಮನೆಯ ಗೇಟನ್ನು ದಾಟಿ ಹೋಗಬೇಕಿತ್ತು. ವಾರದಲ್ಲಿ ಒಂದೆರಡು ದಿನ ಆ ಗೇಟಿನ ಎದುರು, ಮರದ ಕೆಳಗೆ, ಬೆಟ್ಟದ ಕಡೆಯ ಹೆಂಗಸರು ಕುಳಿತಿರುತ್ತಿದ್ದರು. ಕೊಳ್ಳೇಗಾಲದಿಂದ ಮೊದಲ ಬಸ್ಸು ಹಿಡಿದು ಬಂದವರು. ಮಡಿಲಲ್ಲಿ ಬುತ್ತಿ ಗಂಟು, ಕಂಕುಳಲ್ಲಿ ಕೂಸು. ಒಳಗಿದ್ದವರು ಅವರ ಗಂಡಂದಿರು, ಮಕ್ಕಳು, ಅಣ್ಣತಮ್ಮಂದಿರು. ವೀರಪ್ಪನ್‌ಗೆ ಅಕ್ಕಿ ಕೊಟ್ಟರು, ದಾರಿ ತೋರಿದರು, ಪಾಲಾರಿನ ಸ್ಫೋಟದಲ್ಲಿ ಪಾಲುಗೊಂಡರು ಎಂಬ ಆರೋಪ ಹೊತ್ತವರು.

ನಮ್ಮ ಕೈಯಲ್ಲಿ ದಪ್ಪ ಪುಸ್ತಕಗಳಿದ್ದುದನ್ನು ಕಂಡು ಒಬ್ಬ ಮುದುಕಿ ಒಂದು ದಿನ ಎದ್ದು ಬಂದರು. ‘ನನ್ನ ಮಗನ ಮ್ಯಾಲ ಟಾಡಾ ಹಾಕವ್ರಂತ. ಟಾಡಾ ಅಂದ್ರ ಎಷ್ಟು ವರ್ಸ ಬುದ್ದಿ?’ ಎಂದು ಕೇಳಿದರು. ಅದು ಶಿಕ್ಷೆಯಲ್ಲ ಅಜ್ಜಿ, ಕೇಸು ನಡೆಸುವ ಕಾನೂನು, ಶಿಕ್ಷೆ ಇನ್ನೂ ಆಗಿಲ್ಲ ಎಂದೆವು. ಅವರು ನಮ್ಮ ಮುಖವನ್ನೇ ನೋಡುತ್ತ, ‘ಹಂಗಾದ್ರ ಮುಗಿಯೋದು ಯಾವಾಗ?’ ಎಂದರು. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆಯುತ್ತಿದ್ದ ನಮಗೆ ಇದಕ್ಕೆ ಉತ್ತರ ಗೊತ್ತಿರಲಿಲ್ಲ.

ಟಾಡಾ ಎಂಬುದು ಭಯೋತ್ಪಾದಕ ಮತ್ತು ವಿಧ್ವಂಸಕ ಚಟುವಟಿಕೆ ತಡೆ ಕಾಯ್ದೆ. 1985ರ ಮೇ ತಿಂಗಳಲ್ಲಿ ಸಂಸತ್ತು ಅದನ್ನು ಎರಡೇ ಎರಡು ವರ್ಷಕ್ಕೆಂದು ಮಾಡಿತು. ಆಗಿನ ಭಯ ಸುಳ್ಳಾಗಿರಲಿಲ್ಲ. ಪಂಜಾಬು ಉರಿಯುತ್ತಿತ್ತು, ಪ್ರಧಾನಿಯ ಕೊಲೆಯಾಗಿತ್ತು, ದಿಲ್ಲಿಯ ಬಸ್ಸುಗಳಲ್ಲಿ ಟ್ರಾನ್ಸಿಸ್ಟರ್ ಬಾಂಬುಗಳು ಸಿಡಿದಿದ್ದವು. 1987ರಲ್ಲಿ ಅದನ್ನು ಮತ್ತಷ್ಟು ಬಿಗಿಮಾಡಿ ಹೊಸದಾಗಿ ತಂದರು. ಎಸ್ಪಿ ದರ್ಜೆಯ ಪೊಲೀಸ್ ಅಧಿಕಾರಿಯ ಮುಂದೆ ಆರೋಪಿ ಕೊಟ್ಟ ತಪ್ಪೊಪ್ಪಿಗೆಯೇ ಸಾಕ್ಷ್ಯವಾಯಿತು. ಇವನು ತಪ್ಪು ಮಾಡಿಲ್ಲವೆಂದು ನಂಬಲು ಕಾರಣವಿದೆ ಎಂದು ನ್ಯಾಯಾಧೀಶರಿಗೆ ಮೊದಲೇ ಮನವರಿಕೆಯಾದರೆ ಮಾತ್ರ ಜಾಮೀನು. ಅಂದರೆ ವಿಚಾರಣೆಯ ಕೊನೆಗೆ ಹೇಳಬೇಕಾದ ಮಾತನ್ನು ಬಾಗಿಲಲ್ಲೇ ಹೇಳಿಸಬೇಕು. ಆರೋಪಪಟ್ಟಿ ಇಲ್ಲದೆಯೇ ಒಂದು ವರ್ಷದವರೆಗೆ ಒಳಗಿಡಬಹುದಿತ್ತು. 1993ರಲ್ಲಿ ಅದನ್ನು 180 ದಿನಕ್ಕೆ ಇಳಿಸಿದರು. ಮೇಲ್ಮನವಿ ಹೈಕೋರ್ಟಿಗಿಲ್ಲ, ನೇರ ಸುಪ್ರೀಂ ಕೋರ್ಟಿಗೆ. ಇವೆಲ್ಲ ‘ತ್ವರಿತ’ ನ್ಯಾಯಕ್ಕಾಗಿ ಎಂದು ಹೇಳಲಾಗಿತ್ತು.

ಪೊಲೀಸರ ಮುಂದಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯದು ಎಂಬ ನಿಯಮ ಬಂದದ್ದು 1872ರ ಸಾಕ್ಷ್ಯ ಅಧಿನಿಯಮದಲ್ಲಿ. ಅದನ್ನು ಬರೆದವರು ಬ್ರಿಟಿಷರು. ನಮ್ಮನ್ನು ಆಳಲು ಬಂದವರು ತಮ್ಮದೇ ಪೊಲೀಸರ ಲಾಠಿಯನ್ನು ನಂಬಿರಲಿಲ್ಲ. ಸ್ವತಂತ್ರ ಭಾರತ ನಂಬಿತು. ಸುಪ್ರೀಂ ಕೋರ್ಟು ಕೂಡ 1994ರ ಕರ್ತಾರ್ ಸಿಂಗ್ ತೀರ್ಪಿನಲ್ಲಿ, ಒಂದಿಷ್ಟು ಎಚ್ಚರಿಕೆಯ ಮಾತು ಸೇರಿಸಿ, ಆ ಕಾನೂನು ಸಿಂಧುವೆಂದಿತು.

1995ರ ಮೇ 23ಕ್ಕೆ ಟಾಡಾದ ಅವಧಿ ಮುಗಿಯಿತು. ಅದಕ್ಕೆ ಮೂರು ತಿಂಗಳ ಹಿಂದೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರಾಗಿದ್ದ ನ್ಯಾಯಮೂರ್ತಿ ರಂಗನಾಥ ಮಿಶ್ರಾ ಅವರು, ಇದನ್ನು ಮುಂದುವರಿಸಬೇಡಿ ಎಂದು ಸಂಸದರಿಗೆಲ್ಲ ಪತ್ರ ಬರೆದಿದ್ದರು. ದೇಶದಾದ್ಯಂತ 76 ಸಾವಿರಕ್ಕೂ ಹೆಚ್ಚು ಮಂದಿ ಬಂಧಿತರಾಗಿದ್ದರು. ಶಿಕ್ಷೆಯಾದವರು, ಯಾವ ಲೆಕ್ಕ ಹಿಡಿದರೂ, ನೂರಕ್ಕೆ ಐದನ್ನು ದಾಟುವುದಿಲ್ಲ. ಭಯೋತ್ಪಾದನೆಯ ಕಾಟವೇ ಇಲ್ಲದಿದ್ದ ಗುಜರಾತಿನಲ್ಲಿ ಬಂಧಿತರ ಸಂಖ್ಯೆ 18 ಸಾವಿರ ಮೀರಿತ್ತು. ಅವಧಿ ಮುಗಿದ ಸುದ್ದಿ ಬಂದ ದಿನ ನಮ್ಮ ಓಣಿಯ ಹೋಟೆಲಿನಲ್ಲಿ ಯಾರೋ ಎಲ್ಲರಿಗೂ ಚಹಾ ಕೊಡಿಸಿದರು. ನಾವೂ ಕುಡಿದೆವು. ಕಾನೂನು ಸತ್ತಿತು ಎಂದುಕೊಂಡೆವು.

ಮಾರನೆಯ ವಾರವೂ ಆ ಹೆಂಗಸರು ಮರದ ಕೆಳಗೆ ಇದ್ದರು. ಆಮೇಲೆ ಪುಸ್ತಕ ತೆರೆದು ನೋಡಿದೆವು. ಮೊದಲನೆಯ ಕಲಮಿನಲ್ಲೇ ಬರೆದಿತ್ತು: ಕಾಯ್ದೆಯ ಅವಧಿ ಮುಗಿದರೂ ಅದರಡಿ ಆಗಲೇ ಹೂಡಿದ ಮೊಕದ್ದಮೆಗಳು ಅದರ ಪ್ರಕಾರವೇ ನಡೆಯತಕ್ಕದ್ದು. ಸತ್ತ ಕಾನೂನು ತನ್ನ ಕೈದಿಗಳನ್ನು ಬಿಡಲಿಲ್ಲ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಟಾಡಾ ವಿರುದ್ಧ ನಮ್ಮ ಸಿಟ್ಟು ನಿಜವಾಗಿತ್ತು, ಆದರೆ ಅದು ನಮ್ಮವರ ಮಟ್ಟಿಗಿನ ಸಿಟ್ಟು. ಬಾಬರಿ ಮಸೀದಿಯ ಧ್ವಂಸ, ಮುಂಬಯಿಯ ಸ್ಫೋಟ, ಅದರ ನಂತರದ ಬಂಧನಗಳು, ಇವೇ ನಮ್ಮ ಮಾತು. ಜಮಾಅತಿನ ಸಭೆಗಳಲ್ಲಿ, ಶುಕ್ರವಾರದ ನಮಾಝ್ ಮುಗಿಸಿ ಹೊರಬಂದಾಗ ಇದೇ ಚರ್ಚೆ. ದಿನವೂ ಕಣ್ಣೆದುರಿಗಿದ್ದ ಬೆಟ್ಟದ ಜನ ನಮ್ಮ ಲೆಕ್ಕಕ್ಕೆ ಬರಲೇ ಇಲ್ಲ. ಅವರು ಬೇರೆ ಜಾತಿಯವರು, ಬೇರೆ ಮಾತಿನವರು, ಕಾಡುಗಳ್ಳನ ಊರಿನವರು. ಇನ್ನೂ ಒಂದು ಕಾರಣವಿತ್ತು. 1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ವೀರಪ್ಪನ್ ಹೊಂಚು ಹಾಕಿ ಕೊಂದವರಲ್ಲಿ ಎಸ್ಪಿ ಹರಿಕೃಷ್ಣ ಅವರೊಂದಿಗೆ ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಕೂಡ ಇದ್ದರು. ಶಕೀಲ್ ನಮ್ಮ ಹುಡುಗ ಎಂಬ ಭಾವನೆ ಮೈಸೂರಿನ ಮುಸ್ಲಿಂ ಮನೆಗಳಲ್ಲಿ ಇತ್ತು. ಮರುವರ್ಷ, 1993ರ ಏಪ್ರಿಲ್ 9ರಂದು, ಪಾಲಾರಿನ ನೆಲಬಾಂಬಿಗೆ 22 ಮಂದಿ ಬಲಿಯಾದರು. ಅಂಥ ಹೊತ್ತಿನಲ್ಲಿ ಬೆಟ್ಟದ ಹಳ್ಳಿಗಳಿಂದ ಗಂಡಸರನ್ನು ಹಿಡಿದು ತಂದಾಗ, ತಪ್ಪು ಮಾಡಿರಬಹುದು ಎಂದು ನಾವೂ ಸುಮ್ಮನಿದ್ದೆವು. ನಮ್ಮವರನ್ನು ಹಿಡಿದಾಗ ಇತರರು ಹೇಳುತ್ತಿದ್ದದ್ದೂ ಇದೇ ಮಾತು.

2000ನೇ ಇಸವಿಯ ಜುಲೈ 30ರ ರಾತ್ರಿ ಗಾಜನೂರಿನಿಂದ ರಾಜ್‌ಕುಮಾರ್ ಅವರ ಅಪಹರಣವಾಯಿತು. ವೀರಪ್ಪನ್ ಇಟ್ಟ ಬೇಡಿಕೆಗಳಲ್ಲಿ ಮೈಸೂರಿನ ಟಾಡಾ ಕೈದಿಗಳ ಬಿಡುಗಡೆಯೂ ಒಂದು. ಅಷ್ಟು ವರ್ಷ ಅವರ ಕಡೆ ತಿರುಗಿ ನೋಡದ ಸರಕಾರಕ್ಕೆ ರಾತ್ರೋರಾತ್ರಿ ಅವರ ಮೇಲಿನ ಟಾಡಾ ಆರೋಪ ಬೇಡವೆನಿಸಿತು. ಆರೋಪ ಹಿಂತೆಗೆಯುವ ಅರ್ಜಿಗೆ ಮೈಸೂರಿನ ನ್ಯಾಯಾಲಯ ಒಪ್ಪಿತು. ಆಗ ಅಡ್ಡ ನಿಂತವರು ಅಬ್ದುಲ್ ಕರೀಂ, ಹುತಾತ್ಮ ಶಕೀಲ್ ಅವರ ತಂದೆ, ಸ್ವತಃ ನಿವೃತ್ತ ಪೊಲೀಸ್ ಅಧಿಕಾರಿ. ಅವರು ಸುಪ್ರೀಂ ಕೋರ್ಟಿಗೆ ಹೋದರು. ಇಡೀ ನಾಡು ಅಣ್ಣಾವ್ರಿಗಾಗಿ ದೇವರಿಗೆ ಹರಕೆ ಹೊರುತ್ತಿದ್ದಾಗ, ಬೆಂಗಳೂರಿನಲ್ಲಿ ಕಲ್ಲು ಹಾರುತ್ತಿದ್ದಾಗ, ಒಬ್ಬ ಮುಸ್ಲಿಂ ಮುದುಕ ಹೀಗೆ ನಿಲ್ಲುವುದೆಂದರೆ ಸಣ್ಣ ಮಾತಲ್ಲ. ನಮ್ಮ ಮೊಹಲ್ಲಾದಲ್ಲೇ ಕೆಲವರು, ಇವರಿಗೇಕೆ ಬೇಕಿತ್ತು ಎಂದು ಗೊಣಗಿದರು. ನಾವು ಹೆಮ್ಮೆಪಟ್ಟೆವು. ನವೆಂಬರ್ 7ರಂದು ಸುಪ್ರೀಂ ಕೋರ್ಟು ಅವರ ಮಾತನ್ನು ಎತ್ತಿಹಿಡಿದು ಬಿಡುಗಡೆಯನ್ನು ತಡೆಯಿತು. 108 ದಿನಗಳ ಬಳಿಕ ರಾಜ್‌ಕುಮಾರ್ ಮರಳಿ ಬಂದರು.

ತೀರ್ಪು ಸರಿಯಾಗಿತ್ತು. ಬಂದೂಕು ಹಿಡಿದವನು ಕೇಳಿದನೆಂದು ಮೊಕದ್ದಮೆ ಕೈಬಿಡುವುದು ಕಾನೂನಲ್ಲ. ಮಗನನ್ನು ಕಳೆದುಕೊಂಡ ತಂದೆಯ ಹಟವೂ ಸರಿ. ಆದರೆ ಮರದ ಕೆಳಗೆ ಕುಳಿತ ಆ ಮುದುಕಿಯೂ ಸರಿಯಾಗಿದ್ದರು. ಆ ಆರೋಪಗಳು ನಿಲ್ಲುವಂಥವಲ್ಲ ಎಂದು ಸರಕಾರಕ್ಕೆ ಗೊತ್ತಿದ್ದರೆ ಏಳು ವರ್ಷ ಮೊದಲೇ ಹೇಳಬೇಕಿತ್ತು. ಗೊತ್ತಿರದಿದ್ದರೆ ಅಪಹರಣದ ಮರುತಿಂಗಳು ಹೇಗೆ ಗೊತ್ತಾಯಿತು? ಸಾಮಾನ್ಯ ಕಾನೂನಿನಲ್ಲಿ ವಿಚಾರಣೆ ನಡೆದಿದ್ದರೆ ಬಹುತೇಕರಿಗೆ ಜಾಮೀನು ಸಿಕ್ಕಿ, ಶಕೀಲ್ ಅವರ ತಂದೆಗೂ ಆ ತಾಯಿಗೂ ಜಗಳವೇ ಇರುತ್ತಿರಲಿಲ್ಲ. ಇಬ್ಬರು ನೊಂದವರನ್ನು ಎದುರುಬದುರು ನಿಲ್ಲಿಸಿದ್ದು ಆ ಕಾನೂನು.

2001ರಲ್ಲಿ ಮೈಸೂರಿನ ಟಾಡಾ ನ್ಯಾಯಾಲಯದ ತೀರ್ಪು ಬಂತು. ನೂರಕ್ಕೂ ಹೆಚ್ಚು ಮಂದಿ ಖುಲಾಸೆ. ಶಿಕ್ಷೆಯಾದವರು ಹತ್ತು ಹದಿನೈದು ಮಂದಿ. ಖುಲಾಸೆಯಾದವರಲ್ಲಿ ಎಷ್ಟೋ ಜನ ಏಳೆಂಟು ವರ್ಷ ಒಳಗಿದ್ದವರು. ಶಿಕ್ಷೆಯಾದವರ ಕತೆ ಇನ್ನೂ ವಿಚಿತ್ರ. ಜೀವಾವಧಿ ಶಿಕ್ಷೆಯ ವಿರುದ್ಧ ಅವರು ಮೇಲ್ಮನವಿ ಹೋದಾಗ ಸುಪ್ರೀಂ ಕೋರ್ಟು 2004ರ ಜನವರಿಯಲ್ಲಿ, ಸ್ವಂತ ವಿವೇಚನೆಯಿಂದ, ನಾಲ್ವರ ಶಿಕ್ಷೆಯನ್ನು ಮರಣದಂಡನೆಗೆ ಏರಿಸಿತು. ಸಾಮಾನ್ಯ ಕೊಲೆ ಕೇಸಿನಲ್ಲಿ ಸೆಷನ್ಸ್ ಕೋರ್ಟು ಗಲ್ಲು ವಿಧಿಸಿದರೆ ಹೈಕೋರ್ಟು ಅದನ್ನು ಪರಿಶೀಲಿಸಿ ಖಾಯಂ ಮಾಡಬೇಕು, ಆಮೇಲೆ ಸುಪ್ರೀಂ ಕೋರ್ಟಿದೆ. ಈ ನಾಲ್ವರಿಗೆ ಗಲ್ಲು ವಿಧಿಸಿದ ಮೊದಲ ಕೋರ್ಟೇ ಕೊನೆಯ ಕೋರ್ಟು. ಆ ಹೊತ್ತಿಗೆ ಟಾಡಾ ಅಳಿದು ಸುಮಾರು ಒಂಬತ್ತು ವರ್ಷ. ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ಕೊಳೆತು 2013ರಲ್ಲಿ ತಿರಸ್ಕಾರವಾಯಿತು. 2014ರ ಜನವರಿ 21ರಂದು, ಈ ವಿಳಂಬವೇ ಕ್ರೌರ್ಯವೆಂದು ಹೇಳಿ, ಅದೇ ಸುಪ್ರೀಂ ಕೋರ್ಟು 15 ಮಂದಿಯ ಗಲ್ಲನ್ನು ಜೀವಾವಧಿಗೆ ಇಳಿಸಿತು. ಅವರಲ್ಲಿ ಈ ನಾಲ್ವರೂ ಇದ್ದರು.

ನಾವು ಆಗ ಓದು ಮುಗಿಸಿ ಚದುರಿದ್ದೆವು. ಒಬ್ಬರು ಬೆಂಗಳೂರಿನಲ್ಲಿ, ಒಬ್ಬರು ಮಂಗಳೂರಿನಲ್ಲಿ, ಇಬ್ಬರು ಮೈಸೂರಿನಲ್ಲೇ ವಕೀಲಿ. ಗುಲ್ಬರ್ಗದ ಒಂದು ಕೇಸು ನಮ್ಮನ್ನು ಫೋನಿನಲ್ಲಿ ಮತ್ತೆ ಒಂದುಗೂಡಿಸಿತು. ಬಾಬರಿ ಧ್ವಂಸದ ಮೊದಲ ವರ್ಷಾಚರಣೆಗೆ, 1993ರ ಡಿಸೆಂಬರಿನಲ್ಲಿ, ರೈಲುಗಳಲ್ಲಿ ಬಾಂಬುಗಳು ಸಿಡಿದು ಇಬ್ಬರು ಸತ್ತಿದ್ದರು. 1994ರ ಜನವರಿಯಲ್ಲಿ ಗುಲ್ಬರ್ಗದ ಒಬ್ಬ ಫಾರ್ಮಸಿ ವಿದ್ಯಾರ್ಥಿಯನ್ನು ಹಿಡಿದರು. ವಯಸ್ಸು ಇಪ್ಪತ್ತರ ಆಸುಪಾಸು. ಅವನ ವಿರುದ್ಧ ಇದ್ದ ಮುಖ್ಯ ಸಾಕ್ಷ್ಯ ಪೊಲೀಸರು ಬರೆದುಕೊಂಡ ತಪ್ಪೊಪ್ಪಿಗೆ. 2004ರಲ್ಲಿ ಅಜ್ಮೀರಿನ ಟಾಡಾ ಕೋರ್ಟು ಜೀವಾವಧಿ ವಿಧಿಸಿತು. ಹೈಕೋರ್ಟಿನ ಬಾಗಿಲು ಇಲ್ಲದ್ದರಿಂದ ಮೇಲ್ಮನವಿ ದಿಲ್ಲಿಗೆ ಹೋಯಿತು, ಅಲ್ಲಿ ಹನ್ನೆರಡು ವರ್ಷ ಸರದಿಗೆ ಕಾಯಿತು. 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ತಪ್ಪೊಪ್ಪಿಗೆಯನ್ನು ಒಪ್ಪದೆ ಬಿಡುಗಡೆ ಮಾಡಿತು. 22 ವರ್ಷಕ್ಕೂ ಹೆಚ್ಚು ಕಾಲ ಒಳಗೆ. ಮೊಬೈಲು, ಇಂಟರ್ನೆಟ್ಟು, ಚತುಷ್ಪಥ ರಸ್ತೆ, ಇವೆಲ್ಲ ಬರುವ ಮೊದಲು ಒಳಹೋದ ಹುಡುಗ, ನಲವತ್ತು ದಾಟಿ ಹೊರಬಂದ. ಅಜ್ಜಿ ಕೇಳಿದ ಪ್ರಶ್ನೆಗೆ ಒಂದು ಉತ್ತರ ನಮಗೆ ಸಿಕ್ಕಿದ್ದು ಆಗ.

ಟಾಡಾ ಹೋಗಿ 2002ರಲ್ಲಿ ಪೋಟಾ ಬಂತು, ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನೂ ಜೊತೆಗೆ ತಂದಿತು. 2004ರಲ್ಲಿ ಪೋಟಾ ರದ್ದಾಯಿತು ಎಂದು ಸಂಭ್ರಮಿಸಿದ ದಿನವೇ ಅದರ ಅಧ್ಯಾಯಗಳು 1967ರ ಯುಎಪಿಎ ಕಾನೂನಿನೊಳಗೆ ಹೊಕ್ಕವು. ಅವಧಿ ಮುಗಿಯುವ ದಿನಾಂಕವಿದ್ದ ಕಾನೂನುಗಳ ಜಾಗದಲ್ಲಿ ಅವಧಿಯೇ ಇಲ್ಲದ ಕಾನೂನು ಬಂತು. ತಪ್ಪೊಪ್ಪಿಗೆಯ ಕಲಮನ್ನು ಮಾತ್ರ ಬಿಟ್ಟರು, ಅಷ್ಟು ಒಳ್ಳೆಯದು. 2008ರಲ್ಲಿ ಮುಂಬಯಿ ದಾಳಿಯ ಬೆನ್ನಿಗೆ ಜಾಮೀನಿನ ಬಿಗಿ ಮರಳಿತು: ಆರೋಪ ಮೇಲ್ನೋಟಕ್ಕೆ ನಿಜವೆನಿಸಿದರೆ ಜಾಮೀನಿಲ್ಲ. 2019ರ ವಟಾಲಿ ತೀರ್ಪಿನಲ್ಲಿ, ಆ ಹಂತದಲ್ಲಿ ಸಾಕ್ಷ್ಯವನ್ನು ಆಳವಾಗಿ ತೂಗಿ ನೋಡಬಾರದು ಎಂದಾಯಿತು. ಪೊಲೀಸರು ಬರೆದದ್ದನ್ನು ಪೊಲೀಸರು ಬರೆದಂತೆಯೇ ಓದಬೇಕು. 2021ರ ನಜೀಬ್ ತೀರ್ಪು ಒಂದು ಕಿಂಡಿ ತೆರೆಯಿತು. ವಿಚಾರಣೆ ಮುಗಿಯುವ ಲಕ್ಷಣವೇ ಇಲ್ಲದಿದ್ದರೆ ಉನ್ನತ ನ್ಯಾಯಾಲಯಗಳು ಜಾಮೀನು ಕೊಡಬಹುದು ಎಂದಿತು. ಈಗ 2024ರ ಜುಲೈ 1ರಿಂದ ಭಯೋತ್ಪಾದನೆ, ಸಂಘಟಿತ ಅಪರಾಧ ಎರಡೂ ಭಾರತೀಯ ನ್ಯಾಯ ಸಂಹಿತೆಯಲ್ಲೇ, ಜೇಬುಗಳ್ಳತನದ ಪಕ್ಕದಲ್ಲೇ ಸೇರಿವೆ. ವಿಶೇಷ ಎಂದಿದ್ದದ್ದು ಸಾಮಾನ್ಯವಾಯಿತು.

ಕಾನೂನಿನ ಪುಸ್ತಕಕ್ಕಿಂತ ಹೆಚ್ಚಾಗಿ ಉಳಿದದ್ದು ಅಭ್ಯಾಸ. ಮೂವತ್ತು ವರ್ಷಗಳಿಂದ ಕೋರ್ಟು ಓಡಾಡುವ ನಮ್ಮ ಅನುಭವದ ಮಾತಿದು. ಒಳಗಿಟ್ಟರೆ ಸಾಕು, ರುಜುವಾತು ಆಮೇಲೆ ನೋಡಿಕೊಳ್ಳೋಣ ಎಂಬ ಧೋರಣೆ ಬಂದ ಮೇಲೆ ತನಿಖೆಯ ಕಸುಬು ಸವೆಯಿತು. ಕೆಳಗಿನ ಕೋರ್ಟಿನಲ್ಲಿ, ಕಠಿಣ ಕಾನೂನಿನ ಹೆಸರು ಆರೋಪಪಟ್ಟಿಯ ಮೇಲಿದ್ದರೆ, ಕೇಸಿನ ಒಳಗೇನಿದೆ ಎಂದು ನೋಡುವ ಧೈರ್ಯ ಬಹಳ ಮಂದಿಗೆ ಬರುವುದಿಲ್ಲ. 2022ರ ಕೊನೆಯ ಲೆಕ್ಕದಂತೆ ದೇಶದ ಜೈಲುಗಳಲ್ಲಿದ್ದವರಲ್ಲಿ ನೂರಕ್ಕೆ 75ಕ್ಕೂ ಹೆಚ್ಚು ಮಂದಿ ವಿಚಾರಣಾಧೀನರು. ಇವರಲ್ಲಿ ಹೆಚ್ಚಿನವರಿಗೂ ಭಯೋತ್ಪಾದನೆಗೂ ಸಂಬಂಧವಿಲ್ಲ. ಆದರೆ ಜಾಮೀನೇ ನಿಯಮ ಎಂಬ ಮಾತು ಒಂದು ಕಡೆ ಸಡಿಲವಾದರೆ ಎಲ್ಲ ಕಡೆಯೂ ಸಡಿಲವಾಗುತ್ತದೆ.

ಇನ್ನು ನಮ್ಮ ಮನೆಯ ವಿಷಯ. ಕರ್ನಾಟಕಕ್ಕೂ ತನ್ನದೇ ಒಂದು ಟಾಡಾ ಇದೆ. ಸಂಘಟಿತ ಅಪರಾಧಗಳ ನಿಯಂತ್ರಣಕ್ಕೆಂದು 2000ದಲ್ಲಿ ಮಾಡಿದ ಕಾಯ್ದೆ, ಜನರ ಬಾಯಲ್ಲಿ ಕೋಕಾ. ಪೊಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆ ಇಲ್ಲಿ ಇಂದಿಗೂ ಸಾಕ್ಷ್ಯ. ಜಾಮೀನಿಗೂ ಟಾಡಾದ್ದೇ ಬಿಗಿ. ಗೌರಿ ಲಂಕೇಶ್ ಅವರನ್ನು 2017ರ ಸೆಪ್ಟೆಂಬರ್ 5ರಂದು ಮನೆಯ ಬಾಗಿಲಲ್ಲಿ ಗುಂಡಿಕ್ಕಿ ಕೊಂದರು. ಆ ಕೇಸಿನ ಆರೋಪಿಗಳ ಮೇಲೆ ಕೋಕಾ ಹೇರಿದಾಗ ನಾವು ಒಬ್ಬರಿಗೊಬ್ಬರು ಫೋನು ಮಾಡಿ ಸಂತೋಷಪಟ್ಟೆವು. ಇನ್ನು ಹೊರಬರಲಾರರು ಎಂದೆವು. 2023ರ ಡಿಸೆಂಬರಿನಲ್ಲಿ, ವಿಚಾರಣೆ ತಡವಾಗುತ್ತಿದೆ ಎಂಬ ಕಾರಣಕ್ಕೆ ಹೈಕೋರ್ಟು ಅವರಲ್ಲೊಬ್ಬನಿಗೆ ಜಾಮೀನು ಕೊಟ್ಟಿತು. ಮರುವರ್ಷ ಇನ್ನೂ ಹಲವರಿಗೆ ಸಿಕ್ಕಿತು. ನಮಗೆ ಸಿಟ್ಟು ಬಂತು. ನಮ್ಮಲ್ಲಿ ಒಬ್ಬರು ಅದೇ ವಾರ ಯುಎಪಿಎ ಕೈದಿಯೊಬ್ಬನ ಪರವಾಗಿ, ವಿಚಾರಣೆ ತಡವಾಗುತ್ತಿದೆ ಎಂಬ ಅದೇ ಕಾರಣ ಬರೆದು, ಜಾಮೀನು ಅರ್ಜಿ ತಯಾರಿಸುತ್ತಿದ್ದರು. ರಾತ್ರಿ ಫೋನು ಮಾಡಿ, ‘ಯಾರ್, ನಾನು ಬರೆದದ್ದನ್ನೇ ಅವರ ವಕೀಲನೂ ಬರೆದಿದ್ದಾನೆ’ ಎಂದರು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಸೂರಃ ಅನ್ನಿಸಾದ ಕೆಲವು ಆಯತ್‌ಗಳ ಹಿನ್ನೆಲೆಯಾಗಿ ವ್ಯಾಖ್ಯಾನಕಾರರು ಹೇಳುವ ಒಂದು ಘಟನೆ ನಮ್ಮ ಮದ್ರಸದ ಉಸ್ತಾದರು ಹೇಳಿಕೊಟ್ಟದ್ದು. ಮದೀನಾದಲ್ಲಿ ಒಬ್ಬ ಮುಸಲ್ಮಾನನು ಕವಚವೊಂದನ್ನು ಕದ್ದು, ಒಬ್ಬ ಯಹೂದಿಯ ಮನೆಯಲ್ಲಿ ಇಟ್ಟ. ಮಾಲು ಅಲ್ಲಿ ಸಿಕ್ಕಿತು. ಕದ್ದವನ ಕುಲದವರೆಲ್ಲ ಬಂದು ನಮ್ಮವನ ಪರ ನಿಲ್ಲಿ ಎಂದು ಪ್ರವಾದಿಯವರನ್ನು (ಸ) ಒತ್ತಾಯಿಸಿದರು. ಆಗ ವಹ್ಯ್ ಬಂದದ್ದು ಆ ಯಹೂದಿಯ ನಿರ್ದೋಷವನ್ನು ತಿಳಿಸಲು. ಮದೀನಾದಲ್ಲಿ ಮುಸ್ಲಿಮರಿಗೂ ಯಹೂದಿ ಕುಲಗಳಿಗೂ ಸಂಬಂಧ ಹಳಸುತ್ತಿದ್ದ ಕಾಲ ಅದು ಎಂಬುದನ್ನು ಉಸ್ತಾದರು ಒತ್ತಿ ಹೇಳುತ್ತಿದ್ದರು. ಚಿಕ್ಕಂದಿನಲ್ಲಿ ಇದು ನಮಗೆ ಸುಲಭದ ಕತೆಯಾಗಿತ್ತು. ಕೋಕಾ ಕೇಸಿನ ಹೊತ್ತಿಗೆ ಅಷ್ಟು ಸುಲಭವೆನಿಸಲಿಲ್ಲ. ಗೌರಿಯವರನ್ನು ಕೊಂದವರಿಗೆ ಶಿಕ್ಷೆಯಾಗಲೇಬೇಕು. ಅದು ಸಾಕ್ಷಿಗಳ ಮೂಲಕ, ಬೇಗ ನಡೆದ ವಿಚಾರಣೆಯ ಮೂಲಕ ಆಗಬೇಕು. ಠಾಣೆಯಲ್ಲಿ ಬರೆಸಿಕೊಂಡ ಕಾಗದ ಗುಲ್ಬರ್ಗದ ಹುಡುಗನಿಗೆ ಕೆಟ್ಟದ್ದಾದರೆ ಇವರಿಗೂ ಕೆಟ್ಟದ್ದೇ.

ತಪ್ಪಾಗಿ ಒಳಗಿಟ್ಟವರಿಗೆ ಏನು ಪರಿಹಾರ? ಕಾನೂನು ಆಯೋಗ 2018ರ ತನ್ನ 277ನೇ ವರದಿಯಲ್ಲಿ ಇದಕ್ಕೊಂದು ಕಾಯ್ದೆ ಬೇಕೆಂದಿತು. ಕಾಯ್ದೆ ಬರಲಿಲ್ಲ. ಕಾರಣವಿಲ್ಲದೆ ಪೊಲೀಸರಿಂದ ಒಬ್ಬನನ್ನು ಬಂಧಿಸಿದವನು ಪರಿಹಾರ ಕೊಡಬೇಕೆಂಬ ಒಂದು ಹಳೆಯ ಕಲಮು ಇದೆ, ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದನ್ನು ಉಳಿಸಿದ್ದಾರೆ. ಮಿತಿ ಒಂದು ಸಾವಿರ ರೂಪಾಯಿ. ಬೆಟ್ಟದ ಜನರ ಮೇಲೆ ಕಾರ್ಯಪಡೆಯಿಂದ ಆದ ದೌರ್ಜನ್ಯದ ವಿಚಾರಣೆಗೆ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಸದಾಶಿವ ಅವರ ಸಮಿತಿ ಮಾಡಿತ್ತು. 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರಕ್ಕೆ ಆಯೋಗ ಹೇಳಿತು. ನಮ್ಮ ವ್ಯವಸ್ಥೆಯಲ್ಲಿ ಇಷ್ಟಾದದ್ದೂ ಅಪರೂಪವೇ.

ಕಳೆದ ವರ್ಷ ಒಂದು ಜಮೀನು ಕೇಸಿನ ಸಲುವಾಗಿ ನಾವಿಬ್ಬರು ಹನೂರು ದಾಟಿ ಬೆಟ್ಟದ ದಾರಿ ಹಿಡಿದೆವು. ಚಹಾದಂಗಡಿಯಲ್ಲಿ ಕುಳಿತಾಗ, ನಾವು ವಕೀಲರೆಂದು ತಿಳಿದು ಒಬ್ಬರು ಮನೆಗೆ ಹೋಗಿ ಪ್ಲಾಸ್ಟಿಕ್ ಕವರು ತಂದರು. ಎಪ್ಪತ್ತರ ಹತ್ತಿರದ ವಯಸ್ಸು. ಒಳಗಿದ್ದದ್ದು 2001ರ ತೀರ್ಪಿನ ಕೆಲವು ಹಾಳೆಗಳ ಜೆರಾಕ್ಸು, ಮಡಚಿದ ಕಡೆಯೆಲ್ಲ ಹರಿದಿತ್ತು. ಇಂಗ್ಲಿಷಿನಲ್ಲಿದೆ, ಓದಿ ಹೇಳಿ ಎಂದರು. ಅವರ ಹೆಸರಿನ ಮುಂದೆ ಆರೋಪಿ ಸಂಖ್ಯೆ ಇತ್ತು. ಪ್ರಾಸಿಕ್ಯೂಷನ್ ಆರೋಪವನ್ನು ರುಜುವಾತುಪಡಿಸಿಲ್ಲ, ಬಿಡುಗಡೆ ಮಾಡಲಾಗಿದೆ ಎಂದು ಓದಿ ಹೇಳಿದೆವು. ‘ನಾನು ಮಾಡಿಲ್ಲ ಅಂತ ಎಲ್ಲಿ ಬರ್ದವ್ರ, ಅದ ಓದಿ ಬುದ್ದಿ’ ಎಂದರು. ಹಾಳೆ ತಿರುವಿದೆವು. ಇನ್ನೊಮ್ಮೆ ತಿರುವಿದೆವು. ಹಾಗೆ ಎಲ್ಲೂ ಬರೆದಿರಲಿಲ್ಲ. ಅವರು ಹಾಳೆಗಳನ್ನು ಹಳೆಯ ಮಡಿಕೆಯಲ್ಲೇ ಮಡಚಿ ಕವರಿಗೆ ಹಾಕಿ, ನಮ್ಮ ಚಹಾದ ದುಡ್ಡನ್ನು ತಾವೇ ಕೊಟ್ಟರು.